ಮೀನು ಬದುಕಿದೆ, ಬಸವನಹುಳು ಸಾಯುತ್ತಿದೆ: ತೋಟದ ಮನೆಯ ಹವಳದ ತೊಟ್ಟಿಗೆ ಏನಾಗಿದೆ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಸಮೀಪ ಕಾಫಿ ತೋಟದೊಳಗಿನ ಮನೆಯಲ್ಲಿ ವಾಸವಾಗಿದ್ದೇವೆ. ಹತ್ತು ತಿಂಗಳ ಹಿಂದೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ ಸಮುದ್ರನೀರಿನ ಅಕ್ವೇರಿಯಂ ಇಟ್ಟೆವು. ಅದರಲ್ಲಿರುವ ಒಂದು ಜೋಡಿ ಕ್ಲೌನ್ ಮೀನು ಮತ್ತು ಒಂದು ಗೋಬಿ ಮೀನು ಆರೋಗ್ಯವಾಗಿವೆ. ಆದರೆ ಪಾಚಿ ತಿನ್ನಲೆಂದು ಬಿಟ್ಟ ಬಸವನಹುಳುಗಳು ಎರಡು ಮೂರು ದಿನಗಳಲ್ಲಿ ಸಾಯುತ್ತವೆ, ಸಿಗಡಿ ಒಂದು ರಾತ್ರಿಯೂ ಬದುಕಲಿಲ್ಲ, ಮೃದು ಹವಳಗಳು ಮುದುಡಿಕೊಂಡೇ ಇವೆ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 15, ಪಿಎಚ್ 7.8 ಇದೆ. ಬಾವಿ ನೀರಿನ ಟಿಡಿಎಸ್ 38 ಮಾತ್ರ ಇರುವುದರಿಂದ ಆರ್‌ಒ ಬಳಸಿಲ್ಲ. ಚಳಿಗೆ ಉಪ್ಪು ಬೇಗ ಕರಗಲೆಂದು ಬಚ್ಚಲುಮನೆಯ ತಾಮ್ರದ ಹಂಡೆಯಲ್ಲಿ ಬೆಚ್ಚಗಾದ ನೀರನ್ನು ತೆಗೆದುಕೊಳ್ಳುತ್ತೇವೆ. ದೋಷ ಎಲ್ಲಿದೆ? ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ ಏನು ಮಾಡಬೇಕು? ಮುಂದೆ ಗಟ್ಟಿ ಹವಳ ಬೆಳೆಸಬಹುದೇ? ನೌಕಾಪಡೆಯಲ್ಲಿದ್ದ ಚಿಕ್ಕಪ್ಪ ಅಂಡಮಾನಿನಿಂದ ತಂದ ಒಣ ಹವಳದ ಕಲ್ಲೊಂದು ಮನೆಯಲ್ಲಿದೆ, ಅದನ್ನು ತೊಟ್ಟಿಗೆ ಹಾಕಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹೇಳಿಯೂ ಹೇಳದ ಹಾಗೆ ಬರೆದಿರುವ ತಾಮ್ರದ ಹಂಡೆಯೇ ನನ್ನ ದೃಷ್ಟಿಯಲ್ಲಿ ಮೊದಲ ಆರೋಪಿ. ಒಂದೇ ನೀರಿನಲ್ಲಿ ಮೀನುಗಳು ತಿಂಗಳುಗಟ್ಟಲೆ ಗೆಲುವಾಗಿದ್ದು, ಬಸವನಹುಳು, ಸಿಗಡಿ, ಹವಳ ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳು ಮಾತ್ರ ಸಾಲಾಗಿ ಸಾಯುತ್ತಿದ್ದರೆ, ಅಮೋನಿಯಾದ ಕಡೆಗಾಗಲಿ ದೀಪದ ಕಡೆಗಾಗಲಿ ನೋಡುವ ಮೊದಲು ತಾಮ್ರದ ಕಡೆಗೆ ನೋಡಬೇಕು. ಅಮೋನಿಯಾ ಏರಿದ್ದರೆ ಮೀನುಗಳೂ ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿದ್ದವು. ತಾಮ್ರ ಹಾಗಲ್ಲ. ಸಮುದ್ರಮೀನುಗಳಿಗೆ ಬಿಳಿಚುಕ್ಕೆ ರೋಗ ಬಂದಾಗ ಲೀಟರಿಗೆ 0.15ರಿಂದ 0.2 ಮಿಲಿಗ್ರಾಮಿನಷ್ಟು ತಾಮ್ರವನ್ನೇ ಔಷಧಿಯಾಗಿ ಕೊಡುವುದುಂಟು, ಮೀನು ಅದನ್ನು ವಾರಗಟ್ಟಲೆ ತಾಳಿಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ಇದ್ದರೂ ಸಿಗಡಿ ಮತ್ತು ಬಸವನಹುಳುಗಳಿಗೆ ಅದು ವಿಷ. ತೆರೆದ ಸಮುದ್ರದ ನೀರಿನಲ್ಲಿ ತಾಮ್ರದ ಪ್ರಮಾಣ ಲೀಟರಿಗೆ 0.001 ಮಿಲಿಗ್ರಾಮಿಗಿಂತಲೂ ಕಡಿಮೆ ಎಂಬುದನ್ನು ನೆನೆದರೆ, ಈ ಜೀವಿಗಳ ದೇಹಕ್ಕೆ ಅದನ್ನು ಎದುರಿಸುವ ಅಭ್ಯಾಸವೇ ಇಲ್ಲವೆಂಬುದು ತಿಳಿಯುತ್ತದೆ.

ಟಿಡಿಎಸ್ 38 ಎಂಬ ಅಂಕಿ ನಿಮ್ಮನ್ನು ಸಮಾಧಾನಪಡಿಸಿದೆ. ಕೊಡಗಿನ ಬಾವಿ ಮತ್ತು ಒರತೆಗಳ ನೀರು ಕಲ್ಲುಮಣ್ಣಿನ ಲವಣಗಳನ್ನು ಹೆಚ್ಚು ಹೊತ್ತು ತರುವುದಿಲ್ಲವಾದ್ದರಿಂದ ನಮ್ಮಲ್ಲಿ ಈ ಅಂಕಿ ಚಿಕ್ಕದಾಗಿರುವುದು ಸಾಮಾನ್ಯ. ಆದರೆ ಆ ಮೀಟರು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆದು ಒಟ್ಟು ಲವಣದ ಅಂದಾಜನ್ನಷ್ಟೇ ಕೊಡುತ್ತದೆ. ಆ 38ರೊಳಗೆ ಸುಣ್ಣವೆಷ್ಟು, ಗೊಬ್ಬರದ ನೈಟ್ರೇಟ್ ಎಷ್ಟು, ತಾಮ್ರವೆಷ್ಟು ಎಂದು ಅದು ಹೇಳಲಾರದು. ಬಸವನಹುಳುವನ್ನು ಕೊಲ್ಲುವಷ್ಟು ತಾಮ್ರ ಸೇರಿದರೂ ಅದರ ಮುಳ್ಳು ಅಲುಗುವುದಿಲ್ಲ. ಇನ್ನೊಂದು ವಿಪರ್ಯಾಸವೆಂದರೆ, ನೀರು ಮೆದುವಾಗಿದ್ದು ಸ್ವಲ್ಪ ಹುಳಿಯ ಗುಣದ್ದಾಗಿದ್ದರೆ ಅದು ತಾಮ್ರವನ್ನು ಗಡಸು ನೀರಿಗಿಂತ ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ಅಂಥ ನೀರು ಬೆಚ್ಚಗಾಗಿ ಇಡೀ ರಾತ್ರಿ ಹಂಡೆಯಲ್ಲೇ ನಿಂತರೆ, ಅದರಲ್ಲೂ ಹಂಡೆಯ ಒಳಗನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳಪು ಬರಿಸಿದ ಮಾರನೆಯ ದಿನವಾದರೆ, ಲೋಹದ ಮೇಲಿನ ರಕ್ಷಣೆಯ ಪದರವೂ ಇಲ್ಲದೆ ತಾಮ್ರ ನೇರವಾಗಿ ನೀರಿಗಿಳಿಯುತ್ತದೆ. ನೀವು ಉಪ್ಪನ್ನು ಹಂಡೆಯಲ್ಲೇ ಕರಗಿಸುತ್ತಿದ್ದೀರೋ ಅಥವಾ ಬಕೆಟ್ಟಿಗೆ ತೋಡಿಕೊಂಡ ಮೇಲೆ ಕರಗಿಸುತ್ತಿದ್ದೀರೋ ಬರೆದಿಲ್ಲ. ಹಂಡೆಯಲ್ಲೇ ಎಂದಾದರೆ ಹಾನಿ ಇನ್ನೂ ದೊಡ್ಡದು. ಆ ನೀರು ನಮ್ಮ ಸ್ನಾನಕ್ಕೆ ಏನೂ ತೊಂದರೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲೇ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಸಹ್ಯ. ಮನುಷ್ಯರಿಗೆ ಒಳ್ಳೆಯದಾದ ನೀರು ಹವಳಕ್ಕೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡನೆಯ ಆರೋಪಿ ತೋಟದಲ್ಲೇ ಇದೆ. ಕಾಫಿಯ ಎಲೆ ತುಕ್ಕು ಮತ್ತು ಕೊಳೆರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ನಾವು ಮಳೆಗೆ ಮುಂಚೆಯೂ ಮಳೆಯ ಬಿಡುವಿನಲ್ಲೂ ಹೊಡೆಯುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಹಾಕುತ್ತೇವೆ; ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರವಿರುವುದರಿಂದ ಆ ದ್ರಾವಣದ ಒಂದೊಂದು ಮಿಲಿಲೀಟರಿನಲ್ಲೂ ಸುಮಾರು 2.5 ಮಿಲಿಗ್ರಾಂ ತಾಮ್ರವಿರುತ್ತದೆ. ನಿಮ್ಮ ತೊಟ್ಟಿಯಲ್ಲಿ ಕಲ್ಲು ಮರಳು ಕಳೆದು ಸುಮಾರು 200 ಲೀಟರ್ ನೀರಿದೆಯೆಂದುಕೊಂಡರೆ, ಎರಡು ಟೀ ಚಮಚದಷ್ಟು ದ್ರಾವಣ ಬಿದ್ದರೂ ತಾಮ್ರ ಲೀಟರಿಗೆ 0.12 ಮಿಲಿಗ್ರಾಂ ದಾಟುತ್ತದೆ. ಯಾರೂ ಬೇಕೆಂದು ಸುರಿಯುವುದಿಲ್ಲ, ನಿಜ. ಆದರೆ ಔಷಧಿ ಕಲಸಿದ ಬಕೆಟ್ಟನ್ನೇ ತೊಳೆದು ನೀರು ಬದಲಿಸಲು ಬಳಸುವುದು, ಸ್ಪ್ರೇ ಮುಗಿಸಿ ಬಂದ ಕೈಯನ್ನು ತೊಟ್ಟಿಯೊಳಗೆ ಇಳಿಸುವುದು, ಹೆಂಚಿನ ಮೇಲೆ ಬಿದ್ದ ತುಂತುರು ಮೊದಲ ಮಳೆಗೆ ಇಳಿದು ಸಂಗ್ರಹದ ಡ್ರಮ್ಮಿಗೆ ಸೇರುವುದು, ತೆರೆದ ಬಾವಿಯ ದಂಡೆಯಲ್ಲೇ ಪಂಪಿನ ಬ್ಯಾರಲ್ ತೊಳೆಯುವುದು ಇವೆಲ್ಲ ತೋಟದ ಮನೆಗಳಲ್ಲಿ ನಾನು ಕಣ್ಣಾರೆ ಕಂಡ ಸಂಗತಿಗಳು. ತೊಟ್ಟಿಯ ಕೆಲಸಕ್ಕೆಂದು ಬೇರೆ ಬಣ್ಣದ ಎರಡು ಪ್ಲಾಸ್ಟಿಕ್ ಬಕೆಟ್ಟು, ಒಂದು ಮಗ್ಗು, ಒಂದು ಪೈಪು ತೆಗೆದಿಟ್ಟು, ತೋಟದ ಕೆಲಸದವರಿಗೂ ಮನೆಯವರಿಗೂ ಅವನ್ನು ಮುಟ್ಟದಂತೆ ತಿಳಿಸಿ. ಪಿತ್ತಾಳೆಯ ನಲ್ಲಿ, ಸೋಲಾರ್ ಹೀಟರಿನ ತಾಮ್ರದ ಕೊಳವೆ, ಗೀಸರ್ ಇವುಗಳ ಮೂಲಕ ಬಂದ ನೀರೂ ಬೇಡ.

ತಾಮ್ರದ ಪರೀಕ್ಷಾ ಕಿಟ್ ತಂದು ನೋಡಿ, ಆದರೆ ಅದು ಸೊನ್ನೆ ತೋರಿಸಿದರೆ ನಿರಾಳರಾಗಬೇಡಿ. ಬಣ್ಣ ಹೋಲಿಸುವ ಸಾಮಾನ್ಯ ಕಿಟ್‌ಗಳು ಬಸವನಹುಳುವಿಗೆ ಅಪಾಯಕರವಾದ ಕೆಳಮಟ್ಟವನ್ನು ಹಿಡಿಯಲಾರವು. ಇದಕ್ಕಿಂತ ನಾನು ನಂಬುವ ವಿಧಾನ ಎರಡು ಬಕೆಟ್ಟಿನದು. ಒಂದರಲ್ಲಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿನಿಂದ, ಇನ್ನೊಂದರಲ್ಲಿ ನೇರ ಬಾವಿಯಿಂದ ಸೇದಿದ, ಹಂಡೆ ಕಾಣದ ನೀರಿನಿಂದ ಒಂದೇ ಉಪ್ಪು ಹಾಕಿ ಸಮುದ್ರನೀರು ಮಾಡಿ, ಎರಡಕ್ಕೂ ಹೀಟರ್ ಮತ್ತು ಗಾಳಿಯ ಪಂಪು ಕೊಟ್ಟು, ಒಂದೊಂದು ಬಸವನಹುಳು ಬಿಟ್ಟು ಹತ್ತು ದಿನ ಕಾಯಿರಿ. ಎರಡೂ ಬದುಕಿದರೆ ದೋಷ ಹಂಡೆಯದು ಮತ್ತು ತೊಟ್ಟಿಯೊಳಗೆ ಈಗಾಗಲೇ ಸೇರಿರುವುದರದು. ಬಾವಿ ನೀರಿನದು ಮಾತ್ರ ಸತ್ತರೆ ಬಾವಿಯನ್ನೇ ಸಂಶಯಿಸಬೇಕು. ಒಂದು ಜೀವವನ್ನು ಪರೀಕ್ಷೆಗೆ ಒಡ್ಡುವುದು ನನಗೂ ಹಿತವಲ್ಲ, ಆದರೆ ಕಾರಣ ತಿಳಿಯದೆ ತಿಂಗಳಿಗೆ ಆರರಂತೆ ಸಾಯಿಸುವುದಕ್ಕಿಂತ ಇದು ಮೇಲು. ಇದರ ಜೊತೆಗೆ ಇನ್ನೊಂದು ಸಾಧ್ಯತೆಯನ್ನೂ ಕಳೆಯಬೇಕು. ಉಪ್ಪಿನಂಶ ಥಟ್ಟನೆ ಬದಲಾದರೂ ಬಸವನಹುಳು ಸಾಯುತ್ತದೆ. ಉಪ್ಪಿನಂಶ ಅಳೆಯುವ ನಿಮ್ಮ ರಿಫ್ರ್ಯಾಕ್ಟೋಮೀಟರನ್ನು ಬರಿಯ ನೀರಿನಿಂದಲ್ಲ, ಸಾವಿರಕ್ಕೆ 35 ಎಂದು ಗುರುತಿರುವ ದ್ರಾವಣದಿಂದ ಸರಿಹೊಂದಿಸಿ, ಅದು ನಿಜವಾಗಿ 35, ಅಂದರೆ ಸಾಂದ್ರತೆ 1.026 ತೋರಿಸುತ್ತಿದೆಯೇ ನೋಡಿ.

ಪರಿಹಾರದ ಮೊದಲ ಹೆಜ್ಜೆ ನೀರು. ಟಿಡಿಎಸ್ ಎಷ್ಟೇ ಕಡಿಮೆಯಿರಲಿ, ಆರ್‌ಒ ಮತ್ತು ಅದರ ಬಳಿಕ, ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಇರುವ, ಅಕ್ವೇರಿಯಂಗೆಂದೇ ಮಾಡಿದ ಘಟಕವನ್ನು ಹಾಕಿಸಿ, ಹೊರಬರುವ ನೀರು ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಒ ಯಂತ್ರವನ್ನು ಇದಕ್ಕೆ ಬಳಸಬೇಡಿ. ಅವುಗಳಲ್ಲಿ ರುಚಿಗಾಗಿ ಖನಿಜ ಸೇರಿಸುವ ಏರ್ಪಾಡಿರುತ್ತದೆ, ಈಚಿನ ಹಲವು ಮಾದರಿಗಳಲ್ಲಂತೂ ಆರೋಗ್ಯಕ್ಕೆಂದು ತಾಮ್ರವನ್ನೇ ಬೆರೆಸುವ ಕಾರ್ಟ್ರಿಜ್ ಇದೆ. ನಮ್ಮ ಕಡೆಯ ಬಾವಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕರಗಿರುವುದುಂಟು. ಅದು ಆರ್‌ಒ ಪೊರೆಯನ್ನು ಸಲೀಸಾಗಿ ದಾಟಿ ರೆಸಿನ್ನನ್ನು ಬೇಗ ಮುಗಿಸಿಬಿಡುತ್ತದೆ. ಆದ್ದರಿಂದ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ರಾತ್ರಿ ಗಾಳಿಯ ಪಂಪಿನಿಂದ ಕಲಕಿ ಆಮೇಲೆ ಘಟಕಕ್ಕೆ ಬಿಟ್ಟರೆ ರೆಸಿನ್ನಿನ ಖರ್ಚು ಉಳಿಯುತ್ತದೆ. ಚಳಿಗಾಲದಲ್ಲಿ ತಣ್ಣನೆಯ ನೀರು ಪೊರೆಯ ಮೂಲಕ ನಿಧಾನವಾಗಿ ಇಳಿಯುತ್ತದೆ, ಅದು ಯಂತ್ರದ ದೋಷವಲ್ಲ. ಬೆಚ್ಚಗೆ ಬೇಕೆಂದರೆ ಶುದ್ಧವಾದ ನೀರಿಗೆ ಅಕ್ವೇರಿಯಂ ಹೀಟರನ್ನೇ ಇಳಿಸಿ 25 ಡಿಗ್ರಿಗೆ ತಂದು, ಬಳಿಕ ಉಪ್ಪು ಹಾಕಿ ಪಂಪಿನಿಂದ ಕಲಕಿ.

ಉಪ್ಪಿನ ವಿಷಯದಲ್ಲಿ ಕೊಡಗಿನ ಮಳೆಗಾಲ ಒಂದು ಕಿತಾಪತಿ ಮಾಡುತ್ತದೆ. ಸಮುದ್ರದ ಉಪ್ಪಿನ ಮಿಶ್ರಣದಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್‌ಗಳು ಗಾಳಿಯ ತೇವವನ್ನು ಹೀರಿ, ತೆರೆದ ಚೀಲ ಜುಲೈ ಹೊತ್ತಿಗೆ ಕಲ್ಲಾಗುತ್ತದೆ. ಹೀರಿದ ನೀರಿನ ತೂಕವೂ ಸೇರುವುದರಿಂದ ಲೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ ತಪ್ಪುತ್ತದೆ. ಹೊಸ ಚೀಲವನ್ನು ಬಿಚ್ಚಿದ ದಿನವೇ ಬಿಗಿ ಮುಚ್ಚಳದ ಡಬ್ಬಗಳಿಗೆ ಹಂಚಿಟ್ಟು, ತೂಕಕ್ಕಿಂತ ರಿಫ್ರ್ಯಾಕ್ಟೋಮೀಟರನ್ನೇ ನಂಬಿ. ಮಡಿಕೇರಿಯಿಂದ ಸುಮಾರು 140 ಕಿಲೋಮೀಟರ್ ದೂರದ ಮಂಗಳೂರಿನಿಂದ ಕ್ಯಾನಿನಲ್ಲಿ ಸಮುದ್ರನೀರು ತಂದರಾಗದೇ ಎಂದು ಕೆಲವರು ಕೇಳುತ್ತಾರೆ. ನೇತ್ರಾವತಿ, ಗುರುಪುರ ನದಿಗಳು ಸೇರುವ ಆ ತೀರದ ನೀರು ಮಳೆಗಾಲದಲ್ಲಿ ಕೆಂಪಗೆ, ಅರೆ ಸಿಹಿಯಾಗಿರುತ್ತದೆ, ಬಂದರಿನ ಎಣ್ಣೆಯೂ ಸೇರಿರಬಹುದು. ಸಂಪಾಜೆ ಘಾಟಿ ಹತ್ತಿಸುವಷ್ಟು ಯೋಗ್ಯತೆ ಆ ನೀರಿಗಿಲ್ಲ.

ಈಗ ತೊಟ್ಟಿಯೊಳಗಿರುವ ತಾಮ್ರ. ವಾರಕ್ಕೊಮ್ಮೆ ಕಾಲು ಭಾಗದಂತೆ ನಾಲ್ಕು ಸಲ ಶುದ್ಧ ನೀರು ಬದಲಿಸಿದರೆ ನೀರಿನಲ್ಲಿ ಕರಗಿರುವುದರ ಮೂರನೆಯ ಒಂದು ಭಾಗ ಉಳಿಯುತ್ತದೆ. ಆದರೆ ಸುಣ್ಣದ ಅಂಶವಿರುವ ಕಲ್ಲು ಮತ್ತು ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು, ನೀರು ಶುದ್ಧವಾದಂತೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ಹೀಗಾಗಿ ನೀರು ಬದಲಿಸುವುದರ ಜೊತೆಗೆ ಆಕ್ಟಿವೇಟೆಡ್ ಕಾರ್ಬನ್ ಮತ್ತು ತಾಮ್ರ ಹೀರುವ ರೆಸಿನ್ನನ್ನು ನೀರು ಹರಿಯುವ ಜಾಗದಲ್ಲಿಟ್ಟು, ರೆಸಿನ್ ನೀಲಿಗೆ ತಿರುಗಿದರೆ ಬದಲಿಸುತ್ತ, ಮೂರು ತಿಂಗಳಾದರೂ ಹೊಸ ಜೀವಿ ತರದೆ ಕಾಯಬೇಕು. ಆಮೇಲೂ ಬಸವನಹುಳು ಉಳಿಯದಿದ್ದರೆ ಮರಳನ್ನು ಪೂರ್ತಿ, ಕಲ್ಲನ್ನು ಕಂತುಕಂತಾಗಿ ಬದಲಿಸುವುದೇ ದಾರಿ. ಒಂದೇ ದಿನ ಎಲ್ಲವನ್ನೂ ತೆಗೆದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಹೊರಟುಹೋಗಿ, ಈಗ ಚೆನ್ನಾಗಿರುವ ಮೀನುಗಳಿಗೆ ಕಷ್ಟವಾಗುತ್ತದೆ. ಹೊಸ ಕಲ್ಲಾಗಿ ರಂಧ್ರಗಳಿರುವ ಸೆರಾಮಿಕ್ ಕಲ್ಲು ಸಾಕು. ಮನೆ ಕಟ್ಟಿ ಉಳಿದ ಜಂಬಿಟ್ಟಿಗೆಗೂ ರಂಧ್ರಗಳಿವೆಯಲ್ಲ ಎಂದು ಆಸೆಪಡಬೇಡಿ, ಅದು ಕಬ್ಬಿಣದಿಂದ ತುಂಬಿದ್ದು, ನೀರಿನಲ್ಲಿ ಉದುರುತ್ತದೆ.

ಪಿಎಚ್ 7.8 ಇರುವುದಕ್ಕೆ ಪುಡಿ ಹಾಕಿ ಏರಿಸಲು ಹೋಗಬೇಡಿ. ಮಳೆಗೆ ಕಿಟಕಿ ಬಾಗಿಲು ಮುಚ್ಚಿ, ಒಳಗೆ ಜನ ಉಸಿರಾಡಿ, ಒಲೆಯೂ ಉರಿದರೆ ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತೊಟ್ಟಿಯ ನೀರಿಗೂ ಇಳಿಯುತ್ತದೆ. ಗಾಳಿಯಿಂದ ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಗಾಳಿ ಎಳೆಯುವ ಸಣ್ಣ ಕೊಳವೆಯನ್ನು ಗೋಡೆಯ ತೂತಿನಿಂದ ಹೊರಗೆ ಹಾಯಿಸಿದರೆ ಪಿಎಚ್ ಎರಡು ಮೂರು ದಿನಗಳಲ್ಲಿ ತಾನೇ ಮೇಲೇರುವುದನ್ನು ನೋಡುತ್ತೀರಿ. ಔಷಧಿ ಹೊಡೆಯುವ ದಿನಗಳಲ್ಲಿ ಮಾತ್ರ ಅದನ್ನು ಒಳಗೆ ಸೆಳೆದುಕೊಳ್ಳಿ. ಸ್ಕಿಮ್ಮರ್ ನಮಗೆ ಕರಾವಳಿಯವರಿಗಿಂತ ಹೆಚ್ಚು ಬೇಕು. ಸಮುದ್ರಮಟ್ಟದಲ್ಲಿ 26 ಡಿಗ್ರಿಯ ಸಮುದ್ರನೀರು ಲೀಟರಿಗೆ ಸುಮಾರು 6.6 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ 5.8ರ ಆಸುಪಾಸಿಗೆ ನಿಲ್ಲುತ್ತದೆ. ಸಿದ್ದಾಪುರ ಇನ್ನಷ್ಟು ತಗ್ಗಿನಲ್ಲಿದೆ, ಆದರೂ ಕೊರತೆ ಕೊರತೆಯೇ. ಮೀನುಗಳ ಸಂಖ್ಯೆಯನ್ನು ಐದಕ್ಕೆ ನಿಲ್ಲಿಸಿ, ನೀರಿನ ಮೇಲ್ಮೈ ಸದಾ ಅಲುಗುವಂತೆ ಪಂಪಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿಡಿ.

ಕರೆಂಟ್ ಹೋದಾಗ ಮೊದಲು ಮುಗಿಯುವುದು ಈ ಆಮ್ಲಜನಕವೇ, ಬಿಸಿ ಅಲ್ಲ. ಇದನ್ನು ನಾನು ಕಲಿತದ್ದು ತಪ್ಪಿನಿಂದ: ಒಂದು ಆಗಸ್ಟ್‌ನಲ್ಲಿ ಮರ ಬಿದ್ದು ನಾಲ್ಕು ದಿನ ಲೈನ್ ಇಲ್ಲದಾಗ, ಮೀನಿಗೆ ಚಳಿಯಾದೀತೆಂದು ಇನ್ವರ್ಟರಿಗೆ ಹೀಟರ್ ಹಚ್ಚಿದೆ. ಮಧ್ಯರಾತ್ರಿಯ ಹೊತ್ತಿಗೆ ಬ್ಯಾಟರಿ ಬರಿದಾಗಿ, ಬೆಳಿಗ್ಗೆ ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆದುಕೊಂಡಿದ್ದವು, ಎರಡು ಉಳಿಯಲಿಲ್ಲ. ಲೆಕ್ಕ ಸರಳವಾಗಿದೆ. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೆ 900 ವಾಟ್ ಅವರ್ ಸಿಗುತ್ತದೆ. 200 ವಾಟಿನ ಹೀಟರ್ ಅದನ್ನು ನಾಲ್ಕು ಗಂಟೆಯಲ್ಲಿ ನುಂಗುತ್ತದೆ. 15 ವಾಟಿನ ಪಂಪಿಗೆ ಅದು 60 ಗಂಟೆ ಬರಬೇಕಾದರೂ, ಮನೆಯ ಇನ್ವರ್ಟರ್ ಸುಮ್ಮನೆ ಹೊತ್ತಿಕೊಂಡಿರಲು ತಾನೇ ಹೆಚ್ಚು ಕಡಿಮೆ ಅಷ್ಟೇ ತಿನ್ನುವುದರಿಂದ 30 ಗಂಟೆಗೆ ಇಳಿಯುತ್ತದೆ. ಇನ್ವರ್ಟರನ್ನು ದಾಟಿ, ಬ್ಯಾಟರಿಗೆ ನೇರವಾಗಿ ಹಚ್ಚುವ 12 ವೋಲ್ಟಿನ ಗಾಳಿಯ ಪಂಪು ಐದು ವಾಟಿನದಾದರೆ ಅದೇ ಬ್ಯಾಟರಿ ಒಂದು ವಾರ ನಡೆಸುತ್ತದೆ. ತೊಟ್ಟಿಗೆ ಮೂರು ಕಡೆಯಿಂದ ಕಂಬಳಿ ಹೊದೆಸಿ, ಮೀನಿಗೆ ಆಹಾರ ನಿಲ್ಲಿಸಿ. 200 ಲೀಟರ್ ನೀರು ನಿಧಾನವಾಗಿ ತಣಿಯುತ್ತದೆ, 21 ಡಿಗ್ರಿಗೆ ಇಳಿದರೂ ಕ್ಲೌನ್ ಮೀನು ಎರಡು ದಿನ ತಡೆಯುತ್ತದೆ, ಉಸಿರು ಕಟ್ಟಿದರೆ ಎರಡು ಗಂಟೆಯನ್ನೂ ತಡೆಯುವುದಿಲ್ಲ. ಉಳಿದಂತೆ 300 ವಾಟಿನ ಒಂದು ಹೀಟರಿಗೆ ಬದಲು 150 ವಾಟಿನ ಎರಡನ್ನು ಬೇರೆ ಕಂಟ್ರೋಲರ್ ಮೂಲಕ ನಡೆಸಿ, ಒಂದು ಕೈಕೊಟ್ಟರೂ ತೊಟ್ಟಿ ಬೇಯುವುದಿಲ್ಲ, ಹೆಪ್ಪುಗಟ್ಟುವುದೂ ಇಲ್ಲ. ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಉಪ್ಪುನೀರಿಗೆ ಕೈ ಹಾಕಬೇಡಿ. ಕರಾವಳಿಯ ಹವ್ಯಾಸಿಗಳು ನೀರು ತಂಪು ಮಾಡುವ ದುಬಾರಿ ಚಿಲ್ಲರ್ ಯಂತ್ರಕ್ಕೆ ಸುರಿಯುವ ಹಣ ನಮಗೆ ಉಳಿಯುತ್ತದೆ ಎಂಬುದೊಂದೇ ಈ ಹವೆಯ ಉಪಕಾರ.

ನೀರು ಸರಿಹೋದ ಮೇಲೆ ತರುವ ಮೊದಲ ಜೀವಿಗಳು ಮೂರು ಬಸವನಹುಳುಗಳು ಮಾತ್ರ. ಅವು ಒಂದು ತಿಂಗಳು ಉಳಿದರೆ ಸಿಗಡಿ, ಅನಂತರ ಅಣಬೆ ಹವಳ, ಝೋಆಂಥಸ್, ಚರ್ಮ ಹವಳದಂಥ ಮೃದು ಜಾತಿಗಳು. ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವ ಚೀಲವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳಿ. ಮಂಗಳೂರಿನಿಂದ ಘಾಟಿ ಹತ್ತುವಾಗ ಚೀಲ ಉಬ್ಬುತ್ತದೆ, ಗಾಬರಿಯಾಗಿ ಬಿಚ್ಚಬೇಡಿ. ದೀರ್ಘ ಪ್ರಯಾಣದ ಚೀಲದಲ್ಲಿ ಅಮೋನಿಯಾ ಸೇರಿದ್ದರೂ ಪಿಎಚ್ ಇಳಿದಿರುವುದರಿಂದ ಅದು ಸೌಮ್ಯವಾಗಿರುತ್ತದೆ. ಬಾಯಿ ಬಿಚ್ಚಿದ ಕ್ಷಣದಿಂದ ಪಿಎಚ್ ಏರಿ ವಿಷ ತೀವ್ರವಾಗುತ್ತದೆ. ಆದ್ದರಿಂದ ಅಂಗಡಿಯವರ ನೀರಿನ ಉಪ್ಪಿನಂಶವನ್ನು ಫೋನಿನಲ್ಲೇ ಕೇಳಿ, ಒಂದು ಬಕೆಟ್ ನೀರನ್ನು ಅದೇ ಅಳತೆಗೆ ಸಿದ್ಧಮಾಡಿಟ್ಟು, ಚೀಲವನ್ನು ತೇಲಿಬಿಟ್ಟು ಬಿಸಿ ಸಮವಾದೊಡನೆ ಮೀನನ್ನು ಆ ಬಕೆಟ್ಟಿಗೆ ದಾಟಿಸುವುದು ತೊಟ್ಟಿಯ ನೀರನ್ನು ಚೀಲದ ನೀರಿಗೆ ಗಂಟೆಗಟ್ಟಲೆ ಹನಿ ಹಾಕಿ ಹೊಂದಿಸುವುದಕ್ಕಿಂತ ಸುರಕ್ಷಿತ. ಬಸವನಹುಳುವಿಗೆ ಮಾತ್ರ ಹನಿಯೇ ಇರಲಿ. ಬಿಳಿಚುಕ್ಕೆಗೆ ತಾಮ್ರದ ಔಷಧಿ ಬೇಕಾಗಿ ಬಂದರೆ ಅದು ಬೇರೆ ತೊಟ್ಟಿಯಲ್ಲಿ, ಬೇರೆ ಬಲೆಯಲ್ಲಿ.

ಗಟ್ಟಿ ಹವಳಕ್ಕೆ ಈ ವರ್ಷ ಕೈ ಹಾಕಬೇಡಿ. ಅವು ತಮ್ಮ ಎಲುಬನ್ನು ಕಟ್ಟಲು ನೀರಿನಿಂದ ಪ್ರತಿದಿನ ಸುಣ್ಣ ಎಳೆದುಕೊಳ್ಳುವುದರಿಂದ ಆಲ್ಕಲಿನಿಟಿ (ನೀರಿನಲ್ಲಿ ಕರಗಿರುವ ಕಾರ್ಬೊನೇಟುಗಳ ಅಳತೆ) ಡಿಕೆಎಚ್ ಎಂಬ ಮಾನದಲ್ಲಿ 8ರಿಂದ 9, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ, ಮೆಗ್ನೀಸಿಯಂ 1,300ರ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ಅಲುಗದೆ ನಿಲ್ಲಬೇಕು. ಇದಕ್ಕೆ ಅಗ್ಗದ ವಿಧಾನ, ಆವಿಯಾದ ನೀರಿಗೆ ಬದಲಾಗಿ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ತಿಳಿನೀರನ್ನು ಹನಿಹನಿಯಾಗಿ ಕೊಡುವುದು. ಎಲೆ ಅಡಿಕೆಯ ಸುಣ್ಣ ಇದಕ್ಕೆ ಆಗದು. ನಮ್ಮ ಕಷ್ಟವೆಂದರೆ, ಮಳೆಗಾಲದ ತೇವದ ಗಾಳಿಯಲ್ಲಿ ನೀರು ಆವಿಯಾಗುವುದೇ ಕಡಿಮೆ, ಹಾಗಾಗಿ ಕೊಡಬಹುದಾದ ತಿಳಿನೀರೂ ಕಡಿಮೆ. ಫೆಬ್ರವರಿಯಲ್ಲಿ ಸರಿಯಾಗಿದ್ದ ಲೆಕ್ಕ ಜುಲೈಯಲ್ಲಿ ಸಾಲುವುದಿಲ್ಲ. ಒಂದು ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಆಲ್ಕಲಿನಿಟಿ ಅಳೆದು ಬರೆದಿಡಿ, ಆಮೇಲೆ ಯೋಚಿಸೋಣ. ಕಾನೂನನ್ನೂ ನೋಡಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳೂ ಸಮುದ್ರ ಬೀಸಣಿಗೆಗಳೂ ಸೇರಿದವು. ನೇತ್ರಾಣಿಯದಾಗಲಿ ಲಕ್ಷದ್ವೀಪದ್ದಾಗಲಿ, ನಮ್ಮ ಸಮುದ್ರದಿಂದ ಅವನ್ನು ಕೀಳುವುದೂ ಮಾರುವುದೂ ಅಪರಾಧ. ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ವಿದೇಶದಿಂದ ಬಂದ ಸಂರಕ್ಷಿತ ಜಾತಿಗಳಿಗೂ ನೋಂದಣಿಯ ನಿಯಮವಿದೆ. ಕಾಗದಪತ್ರ ತೋರಿಸದ ಮಾರಾಟಗಾರರಿಂದ ಗಟ್ಟಿ ಹವಳ ಕೊಳ್ಳಬೇಡಿ. ಆದರೆ ಕ್ಲೌನ್ ಮೀನುಗಳನ್ನು ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮರಿ ಮಾಡಿಸಿ ತೋರಿಸಿದ್ದಾರೆ; ಇನ್ನೊಂದು ಜೋಡಿ ಕೊಳ್ಳುವುದಾದರೆ ಹಾಗೆ ಸಾಕಿ ಬೆಳೆಸಿದ್ದನ್ನೇ ಕೇಳಿ ಪಡೆಯಿರಿ.

ನಿಮ್ಮ ಚಿಕ್ಕಪ್ಪನವರು ತಂದ ಕಲ್ಲೂ ಇದೇ ಅನುಸೂಚಿಯೊಳಗೆ ಬರುತ್ತದೆ, ಒಣಗಿದ್ದರೂ ಅದು ಹವಳವೇ. ಅವರು ತಂದ ಕಾಲ ಯಾವುದೋ, ಆಗ ನಿಯಮ ಹೇಗಿತ್ತೋ, ಇರಲಿ. ಈಗ ಅದನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಕಾನೂನಿನ ತೊಡಕಿರುವುದರಿಂದ, ಏನು ಮಾಡಬೇಕೆಂದು ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ತೊಟ್ಟಿಗಂತೂ ಹಾಕಬೇಡಿ. ಷೋಕೇಸಿನಲ್ಲಿಟ್ಟು ವರ್ಷಗಟ್ಟಲೆ ಒರೆಸಿದ ಕಲ್ಲಿಗೆ ಹಿತ್ತಾಳೆ ಪಾಲಿಶು, ಇರುವೆ ಪುಡಿ, ಏನೇನು ತಗುಲಿದೆಯೆಂದು ಬಲ್ಲವರಾರು?